ಪೇಟಿಯ ಮುಂದೆ ಕುಳಿತವರು

ಅಮಾವಾಸ್ಯೆಯ ರಾತ್ರಿ. ತಿಕೋಟಾ, ಬಬಲೇಶ್ವರ ಸೀಮೆಯ ಯಾವ ಊರಾದರೂ ಸರಿ. ಉಂಡವರು ಒಬ್ಬೊಬ್ಬರಾಗಿ ಗುಡಿಯ ಕಟ್ಟೆ ಏರುತ್ತಾರೆ. ದ್ರಾಕ್ಷಿ ತೋಟದಿಂದ ನೇರವಾಗಿ ಬಂದವನ ಅಂಗಿಗೆ ಔಷಧ ಹೊಡೆದ ವಾಸನೆ ಇನ್ನೂ ಅಂಟಿಕೊಂಡಿದೆ. ಒಬ್ಬರು ತಾಳ ಹಂಚುತ್ತಾರೆ, ಇನ್ನೊಬ್ಬರು ತಬಲಾಕ್ಕೆ ಸುತ್ತಿಗೆ ತಟ್ಟುತ್ತಾರೆ. ವಯಸ್ಸಾದವರೊಬ್ಬರು ಪೇಟಿಯ ಮೇಲಿನ ಬಟ್ಟೆ ಸರಿಸಿ, ತಿದಿಯ ಕೊಂಡಿ ಬಿಚ್ಚಿ, ಒಂದು ಪಟ್ಟಿ ಒತ್ತುತ್ತಾರೆ. ‘ಎಷ್ಟರಾಗ ಹಿಡೀಲಿ?’ ಎಂದು ಕೇಳುತ್ತಾರೆ. ‘ಕರಿ ಎರಡರಾಗ ಹಿಡೀರಿ, ಮಾಸ್ತರ.’ ಆ ಒಂದು ಸ್ವರ ಗುಡಿ ತುಂಬಿದ ಮೇಲೆಯೇ ಉಳಿದವರ ಬಾಯಿ ತೆರೆಯುವುದು.

ಬೆಳಗಿನವರೆಗೆ ಪದ ನಡೆಯುತ್ತದೆ. ಹಾಡಿದವರಿಗೆ ಶಾಲು ಹೊದಿಸುತ್ತಾರೆ. ಯಾರ ಸ್ವರ ಹಿಡಿದು ಎಲ್ಲರೂ ಹಾಡಿದರೋ ಆ ಪೇಟಿ ಮಾಸ್ತರರ ಹೆಸರು ಮೈಕಿನಲ್ಲಿ ಬರುವುದು ಅಪರೂಪ.

ಈ ಪೇಟಿ, ಅಂದರೆ ಹಾರ್ಮೋನಿಯಂ, ನಮ್ಮದೇ ಎಂಬಷ್ಟು ನಮ್ಮದಾಗಿದೆ. ಆದರೆ ಅದು ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1840ರಲ್ಲಿ. ಅದಕ್ಕಾಗಿ ಬರೆದವರಲ್ಲಿ ಆ ಶತಮಾನದ ಬಹುದೊಡ್ಡ ಆರ್ಗನ್ ವಾದಕ, ಸಂಯೋಜಕ ಸೆಜಾರ್ ಫ್ರಾಂಕ್ ಕೂಡ ಒಬ್ಬರು. ಅವರೂ ಬದುಕಿನ ಬಹುಪಾಲು ಜನರ ಕಣ್ಣಿಗೆ ಬೀಳದೆ ಕುಳಿತು ನುಡಿಸಿದವರೇ.

ಗಾಳಿಗೆ ಸ್ವರ ಬಂದದ್ದು

ಪೇಟಿಯ ಮೇಲ್ಹಲಗೆ ಎತ್ತಿ ನೋಡಿದರೆ ಹಿತ್ತಾಳೆಯ ಸಣ್ಣ ನಾಲಗೆಗಳ ಸಾಲು ಕಾಣುತ್ತದೆ. ಇವೇ ರೀಡು. ಪ್ರತಿ ನಾಲಗೆಯ ಒಂದು ತುದಿ ಬಿಗಿದಿದೆ, ಇನ್ನೊಂದು ತುದಿ ಕಿಂಡಿಯೊಂದರ ಮೇಲೆ ಸಡಿಲವಾಗಿದೆ. ತಿದಿಯ ಗಾಳಿ ಆ ಕಿಂಡಿಯಲ್ಲಿ ನುಗ್ಗಿದಾಗ ನಾಲಗೆ ಅದುರುತ್ತದೆ. ಆ ಅದುರುವಿಕೆಯೇ ಸ್ವರ. ನಾಲಗೆ ಉದ್ದವಾದಷ್ಟು ಮಂದ್ರ, ಗಿಡ್ಡವಾದಷ್ಟು ತಾರ. ಸ್ವರ ಇಳಿದಿದ್ದರೆ ದುರಸ್ತಿ ಮಾಡುವವರು ನಾಲಗೆಯ ತುದಿಯನ್ನು ನವಿರಾಗಿ ಕೆರೆಯುತ್ತಾರೆ, ಸ್ವರ ಏರುತ್ತದೆ. ಏರಿದ್ದರೆ ಬುಡದ ಹತ್ತಿರ ಕೆರೆಯುತ್ತಾರೆ, ಇಳಿಯುತ್ತದೆ. ಒಂದೆರಡು ಗೀರು ಹೆಚ್ಚಾದರೆ ರೀಡು ಕೆಟ್ಟಂತೆಯೇ.

ಹೀಗೆ ಅದುರುವ ನಾಲಗೆ ಯುರೋಪಿಗೂ ಹೊಸದಾಗಿ ಬಂದದ್ದು. ಚೀನಾದ ಶೆಂಗ್ ಎಂಬ ಊದುವ ವಾದ್ಯದಲ್ಲಿ ಅದು ಬಹಳ ಹಿಂದಿನಿಂದ ಇತ್ತು. ಅದನ್ನು ಹಿಡಿದು ಹಲವರು ಹಲವು ಪ್ರಯೋಗ ಮಾಡಿದರು. ಕೊನೆಗೆ ಅಲೆಕ್ಸಾಂಡ್ರೆ ದೆಬೇನ್ ಎಂಬ ಕುಶಲಕರ್ಮಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದು ತನ್ನ ವಾದ್ಯಕ್ಕೆ ‘ಹಾರ್ಮೋನಿಯಂ’ ಎಂದು ಹೆಸರಿಟ್ಟರು.

ಅದು ಕುರ್ಚಿಯ ಮೇಲೆ ಕುಳಿತು, ಎರಡು ಕಾಲಿನಿಂದ ತಿದಿ ತುಳಿದು, ಎರಡೂ ಕೈಯಿಂದ ನುಡಿಸುವ ವಾದ್ಯ. ಇಗರ್ಜಿಯ ಕೊಳವೆ ಆರ್ಗನ್ನಿಗೆ ಇಡೀ ಗೋಡೆ ಬೇಕು, ತಿದಿ ಒತ್ತಲು ಆಳುಗಳು ಬೇಕು, ಅಪಾರ ಹಣ ಬೇಕು. ಬಡ ಊರಿನ ಇಗರ್ಜಿಗೂ ಮಧ್ಯಮ ವರ್ಗದ ಮನೆಯ ಪಡಸಾಲೆಗೂ ಹಾರ್ಮೋನಿಯಂ ಸಾಕಾಗುತ್ತಿತ್ತು. ಅದಕ್ಕೆ ಇನ್ನೊಂದು ಗುಣವೂ ಇತ್ತು. ಕೊಳವೆಯ ಆರ್ಗನ್ನಿನಲ್ಲಿ ಪಟ್ಟಿಯನ್ನು ಮೆಲ್ಲಗೆ ಒತ್ತಿದರೂ ಗಟ್ಟಿಯಾಗಿ ಒತ್ತಿದರೂ ಧ್ವನಿ ಅಷ್ಟೇ. ಹಾರ್ಮೋನಿಯಂನಲ್ಲಿ ‘ಎಕ್ಸ್‌ಪ್ರೆಶನ್’ ಎಂಬ ಗುಬ್ಬಿ ಎಳೆದರೆ ಕಾಲಿನ ಒತ್ತಡ ನೇರವಾಗಿ ರೀಡಿಗೆ ತಲುಪುತ್ತದೆ, ಕಾಲು ಮೆತ್ತಗಾದರೆ ಧ್ವನಿಯೂ ಮೆತ್ತಗಾಗುತ್ತದೆ. ಇವತ್ತು ನಮ್ಮ ಪೇಟಿ ಮಾಸ್ತರರು ಎಡಗೈಯಿಂದ ತಿದಿ ಒತ್ತುತ್ತ ಪದವನ್ನು ಏರಿಸಿ ಇಳಿಸುವುದು ಇದೇ ಗುಣದಿಂದ. ಬಲಗೈಯ ಚುರುಕಿಗೆ ಜನ ಚಪ್ಪಾಳೆ ತಟ್ಟುತ್ತಾರೆ. ಆದರೆ ಒಳ್ಳೆಯ ವಾದಕನ ಗುರುತು ಎಡಗೈಯಲ್ಲಿರುತ್ತದೆ.

ಅದು ರೊಮ್ಯಾಂಟಿಕ್ ಯುಗ. ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ ಮೂಲಕ ಆ ಯುಗದ ಕವಿಗಳ ಪರಿಚಯ ಕನ್ನಡಿಗರಿಗಿದೆ. ಆ ಕವಿಗಳು ಮನಸ್ಸಿನ ಉಕ್ಕು, ಹಂಬಲ, ವಿರಹಗಳನ್ನು ಕಾವ್ಯಕ್ಕೆ ತಂದ ಹಾಗೆಯೇ ಯುರೋಪಿನ ಸಂಯೋಜಕರು ಅವನ್ನು ಸಂಗೀತಕ್ಕೆ ತಂದರು. ಉಸಿರಿನಂತೆ ಉಬ್ಬಿ ಇಳಿಯುವ ಧ್ವನಿ ಆ ಕಾಲದ ಬೇಡಿಕೆಯಾಗಿತ್ತು.

ಅಪ್ಪನ ಹಟ, ಮಗನ ದಾರಿ

ಸೆಜಾರ್ ಫ್ರಾಂಕ್ ಹುಟ್ಟಿದ್ದು 1822ರ ಡಿಸೆಂಬರ್ 10ರಂದು, ಇಂದು ಬೆಲ್ಜಿಯಂನಲ್ಲಿರುವ ಲಿಯೇಜ್ ಪಟ್ಟಣದಲ್ಲಿ. ಮಗನನ್ನು ಪಿಯಾನೊದ ಬಾಲಪ್ರತಿಭೆಯಾಗಿ ಊರೂರು ತಿರುಗಿಸಿ ಹೆಸರು, ಹಣ ಗಳಿಸಬೇಕೆಂಬುದು ತಂದೆಯ ಲೆಕ್ಕ. 1835ರಲ್ಲಿ ಕುಟುಂಬ ಪ್ಯಾರಿಸ್ಸಿಗೆ ಬಂತು. ಎರಡು ವರ್ಷದ ನಂತರ ಹುಡುಗ ಅಲ್ಲಿನ ಸಂಗೀತ ಶಾಲೆ ಕನ್ಸರ್ವೇಟರಿ ಸೇರಿದ. ಬಹುಮಾನಗಳೂ ಬಂದವು. ಆದರೆ 1842ರಲ್ಲಿ ತಂದೆ ಮಗನನ್ನು ಅಲ್ಲಿಂದ ಬಿಡಿಸಿ ಕಚೇರಿಗಳಿಗೆ ಹಚ್ಚಿದರು.

ಹಟ ಹೆಚ್ಚು ದಿನ ನಡೆಯಲಿಲ್ಲ. ಫ್ರಾಂಕ್ ಮನಸ್ಸು ಫೆಲಿಸಿತೆ ಎಂಬ ಶಿಷ್ಯೆಯಲ್ಲಿ ನಿಂತಿತು. ಆಕೆಯ ತಂದೆ ತಾಯಿ ಇಬ್ಬರೂ ರಂಗನಟರು. ನಾಟಕದವರ ಮಗಳು ಸೊಸೆಯಾಗುವುದು ತಂದೆಗೆ ಬೇಡವಾಗಿತ್ತು. ಮಗ ಮನೆ ಬಿಟ್ಟು ಹೊರಬಿದ್ದರು. 1848ರ ಫೆಬ್ರುವರಿ 22ರಂದು ಮದುವೆ. ಪ್ಯಾರಿಸ್ಸಿನಲ್ಲಿ ಕ್ರಾಂತಿ ಭುಗಿಲೆದ್ದ ದಿನವೂ ಅದೇ. ಬೀದಿಗೆ ಅಡ್ಡ ಹಾಕಿದ್ದ ತಡೆಗೋಡೆ ದಾಟಿ ಮದುವೆಯ ದಿಬ್ಬಣ ಇಗರ್ಜಿ ಸೇರಬೇಕಾಯಿತು.

ಆಮೇಲಿನದು ದುಡಿಮೆಯ ಬದುಕು. ನಸುಕಿನಲ್ಲಿ ಎದ್ದು ಸುಮಾರು ಎರಡು ಗಂಟೆ ತಮ್ಮ ರಚನೆಗೆ ಕೂರುತ್ತಿದ್ದರು. ಅಲ್ಲಿಂದ ಮುಂದೆ ಸಂಜೆಯವರೆಗೆ ಮನೆ ಮನೆ ತಿರುಗಿ ಪಾಠ. ಭಾನುವಾರ ಇಗರ್ಜಿ. 1858ರಲ್ಲಿ ಸೇಂಟ್ ಕ್ಲೋತಿಲ್ದ್ ಇಗರ್ಜಿಯ ಸಂಗೀತದ ಹೊಣೆ ಸಿಕ್ಕಿತು. ಮರುವರ್ಷ ಡಿಸೆಂಬರಿನಲ್ಲಿ ಅಲ್ಲಿ ಅರಿಸ್ತೀದ್ ಕವಾಯೆ-ಕೋಲ್ ಕಟ್ಟಿದ ಹೊಸ ಆರ್ಗನ್ ನುಡಿಯಿತು. ಕೈಗೆ ಮೂರು ಸಾಲು ಪಟ್ಟಿ, ಕಾಲಿಗೆ ಇನ್ನೊಂದು ಸಾಲು. ಮುಂದೆ ಸಾಯುವವರೆಗೆ, ಮೂರು ದಶಕ, ಫ್ರಾಂಕ್ ಆರ್ಗನ್ ಇದ್ದ ಆ ಅಟ್ಟ ಬಿಡಲಿಲ್ಲ.

ಕಲ್ಲಿನ ದೊಡ್ಡ ಕಟ್ಟಡದಲ್ಲಿ ನುಡಿಸುವುದೆಂದರೆ ಏನೆಂದು ವಿಜಯಪುರದವರಿಗೆ ಬಿಡಿಸಿ ಹೇಳಬೇಕಿಲ್ಲ. ಗೋಳಗುಮ್ಮಟದ ಮೊಗಸಾಲೆಯಲ್ಲಿ ಒಂದು ಸಲ ಚಪ್ಪಾಳೆ ತಟ್ಟಿದರೆ ಅದು ಮತ್ತೆ ಮತ್ತೆ ಮರಳಿ ಬರುತ್ತದೆ. ಮಾತಿನ ಮೇಲೆ ಮಾತು ಹಾಕಿದರೆ ಎರಡೂ ಕಲಸಿಹೋಗುತ್ತವೆ. ಇಗರ್ಜಿಯ ಕಮಾನುಗಳ ಕೆಳಗೆ ಗುಮ್ಮಟದಷ್ಟಲ್ಲದಿದ್ದರೂ ಧ್ವನಿ ತಂಗುತ್ತದೆ. ಆದ್ದರಿಂದ ಆರ್ಗನ್ ಸಂಯೋಜಕ ಸ್ವರ ಬರೆದಷ್ಟೇ ಎಚ್ಚರದಿಂದ ಮೌನವನ್ನೂ ಬರೆಯಬೇಕು. ಫ್ರಾಂಕ್ ರಚನೆಗಳಲ್ಲಿ ವಾದನ ನಿಂತು, ಹಿಂದಿನ ಸ್ವರ ಕಟ್ಟಡದಲ್ಲಿ ಕರಗಿ, ಆಮೇಲೆ ಮುಂದಿನ ಸಾಲು ಶುರುವಾಗುವ ಕಡೆಗಳು ಹಲವು ಇವೆ. 1866ರಲ್ಲಿ ಆ ಅಟ್ಟಕ್ಕೆ ಬಂದು ಕೇಳಿದ ಹೆಸರಾಂತ ಸಂಯೋಜಕ ಫ್ರಾಂಜ್ ಲಿಸ್ಟ್ ಆ ರಚನೆಗಳನ್ನು ಬಾಖ್ ಕೃತಿಗಳ ಪಕ್ಕದಲ್ಲಿಡಬೇಕೆಂದರು. ಪ್ಯಾರಿಸ್ ಮಾತ್ರ ಗಮನ ಕೊಡಲಿಲ್ಲ.

1872ರಲ್ಲಿ ಕನ್ಸರ್ವೇಟರಿಯ ಆರ್ಗನ್ ಪ್ರಾಧ್ಯಾಪಕ ಹುದ್ದೆ ಬಂತು. ಅದಕ್ಕಾಗಿ ಫ್ರೆಂಚ್ ಪೌರತ್ವ ಪಡೆಯಬೇಕಾಯಿತು. ಆರ್ಗನ್ ತರಗತಿ ಹೆಸರಿಗಷ್ಟೇ, ನಿಜವಾಗಿ ಅಲ್ಲಿ ನಡೆದದ್ದು ಸಂಯೋಜನೆಯ ಪಾಠ. ವೆನ್ಸಾ ದಾಂದಿ, ಅರ್ನೆಸ್ಟ್ ಶೋಸೋನ್, ಆನ್ರಿ ದ್ಯುಪಾರ್ಕ್ ಅವರಂಥ ಶಿಷ್ಯರು ಅವರನ್ನು ‘ಅಪ್ಪ ಫ್ರಾಂಕ್’ ಎನ್ನುತ್ತಿದ್ದರು.

ಕತ್ತಲಲ್ಲಿ ನುಡಿದ ಸೊನಾಟಾ

ಫ್ರಾಂಕ್ ಹೆಸರು ಇಂದು ಜಗತ್ತಿನ ಎಲ್ಲ ವಯಲಿನ್ ವಾದಕರ ಬಾಯಲ್ಲಿದೆ. ಅದಕ್ಕೆ ಕಾರಣ 1886ರಲ್ಲಿ ಅವರು ಬರೆದ ವಯಲಿನ್-ಪಿಯಾನೊ ಸೊನಾಟಾ. ಆಗ ಅವರಿಗೆ 63. ಯುಜೀನ್ ಇಸಾಯಿ ಎಂಬ ತರುಣ ವಾದಕನ ಮದುವೆಗೆ ಅದನ್ನು ಉಡುಗೊರೆಯಾಗಿ ಕಳಿಸಿದರು.

ಅದೇ ವರ್ಷದ ಡಿಸೆಂಬರ್ 16ರಂದು ಬ್ರಸೆಲ್ಸಿನ ಚಿತ್ರಕಲಾ ಸಂಗ್ರಹಾಲಯದಲ್ಲಿ ಇಸಾಯಿ ಮತ್ತು ಪಿಯಾನೊ ವಾದಕಿ ಲಿಯೊಂತಿನ್ ಬೋರ್ದ್-ಪೆನ್ ಅದನ್ನು ನುಡಿಸಲು ಕುಳಿತರು. ಚಳಿಗಾಲದ ಸಂಜೆ ಬೇಗ ಕತ್ತಲಾಯಿತು. ಚಿತ್ರಗಳಿಗೆ ಅಪಾಯವೆಂದು ಅಲ್ಲಿ ದೀಪ ಹಚ್ಚಲು ಅನುಮತಿ ಇರಲಿಲ್ಲ. ಮೊದಲ ಭಾಗ ಮುಗಿಯುವ ಹೊತ್ತಿಗೆ ಹಾಳೆಯ ಮೇಲಿನ ಸ್ವರ ಕಾಣದಾಯಿತು. ಇನ್ನೂ ಮೂರು ಭಾಗ ಬಾಕಿ. ಕೇಳುಗರು ಎದ್ದು ಹೋಗಲಿಲ್ಲ, ಇಬ್ಬರೂ ನುಡಿಸುವುದನ್ನು ಬಿಡಲಿಲ್ಲ. ಉಳಿದದ್ದನ್ನೆಲ್ಲ ನೆನಪಿನಿಂದಲೇ ನುಡಿಸಿ ಮುಗಿಸಿದರು.

1889ರಲ್ಲಿ ಅವರ ಏಕೈಕ ಪ್ರೌಢ ಸಿಂಫನಿಗೆ ಪ್ಯಾರಿಸ್ಸಿನಲ್ಲಿ ತಣ್ಣಗಿನ ಸ್ವಾಗತ. ಸಿಂಫನಿಯಲ್ಲಿ ಇಂಗ್ಲಿಷ್ ಹಾರ್ನ್ ಎಂಬ ಊದುವ ವಾದ್ಯ ಯಾಕೆ ಎಂದು ಕೆಲವರು ಮೂಗು ಮುರಿದರು. 1890ರ ಏಪ್ರಿಲ್‌ನಲ್ಲಿ ನಾಲ್ಕು ತಂತಿವಾದ್ಯಗಳ ಕ್ವಾರ್ಟೆಟ್ ನುಡಿದಾಗ ಸಭೆ ಎದ್ದು ಮೆಚ್ಚಿತು. 67ನೆಯ ವಯಸ್ಸಿನಲ್ಲಿ ಸಿಕ್ಕ ಮೊದಲ ನಿಜವಾದ ಜನಮನ್ನಣೆ ಅದು. ಅದೇ ವರ್ಷ ಅವರು ಕುಳಿತಿದ್ದ ಬಾಡಿಗೆ ಗಾಡಿಗೆ ಕುದುರೆ ಬಸ್ಸು ಗುದ್ದಿತು. ಪೆಟ್ಟು ತಿಂದ ದೇಹದಲ್ಲೇ ಆರ್ಗನ್ನಿಗೆ ಮೂರು ‘ಕೋರಾಲ್’ ಬರೆದರು. ಹಾರ್ಮೋನಿಯಂಗೆಂದು ಪ್ರಕಾಶಕರು ಕೇಳಿದ್ದ ಚಿಕ್ಕ ರಚನೆಗಳ ಮಾಲೆಯನ್ನೂ ಬರೆಯುತ್ತಿದ್ದರು. 59 ತುಣುಕುಗಳಾದವು, ಮಾಲೆ ಅಪೂರ್ಣವಾಗಿ ಉಳಿಯಿತು. 1890ರ ನವೆಂಬರ್ 8ರಂದು ತೀರಿಕೊಂಡರು.

ಹಳ್ಳಿ ಇಗರ್ಜಿಯ ಸಾಮಾನ್ಯ ವಾದಕನೂ ನುಡಿಸಬಲ್ಲ ಆ ತುಣುಕುಗಳು ಫ್ರಾಂಕ್ ಅವರ ದೊಡ್ಡತನವನ್ನು ಸಿಂಫನಿಗಿಂತ ಹೆಚ್ಚು ತೋರಿಸುತ್ತವೆ. ಸಣ್ಣ ವಾದ್ಯವೆಂದು ಅವರು ಅದಕ್ಕೆ ಸಣ್ಣ ಮನಸ್ಸಿನಿಂದ ಬರೆಯಲಿಲ್ಲ.

ಪ್ಯಾರಿಸ್ಸಿನ ಅಂಧರು, ಗದುಗಿನ ಅಂಧರು

ಇಲ್ಲಿ ನಮ್ಮ ನಾಡನ್ನು ನೆನಪಿಸುವ ಒಂದು ಸಂಗತಿ ಇದೆ. ಪ್ಯಾರಿಸ್ಸಿನ ಅಂಧ ಮಕ್ಕಳ ರಾಷ್ಟ್ರೀಯ ಶಾಲೆ ಆರ್ಗನ್ ವಾದಕರನ್ನು ತಯಾರು ಮಾಡುವ ದೊಡ್ಡ ಕೇಂದ್ರವಾಗಿತ್ತು. ಆರು ಚುಕ್ಕೆಯ ಲಿಪಿ ಕಂಡುಹಿಡಿದ ಲೂಯಿ ಬ್ರೈಲ್ ಅಲ್ಲಿಯೇ ಕಲಿತು ಅಲ್ಲಿಯೇ ಕಲಿಸಿದವರು. ಅವರು ಪ್ಯಾರಿಸ್ಸಿನ ಇಗರ್ಜಿಯಲ್ಲಿ ಸಂಬಳದ ಆರ್ಗನ್ ವಾದಕರೂ ಆಗಿದ್ದರೆಂಬುದು ಹಲವರಿಗೆ ತಿಳಿಯದು. ಸಂಗೀತವನ್ನು ಬೆರಳಿನಿಂದ ಓದುವ ಕ್ರಮವನ್ನೂ ಅವರೇ ರೂಪಿಸಿದರು. ಹುಟ್ಟಿನಿಂದಲೇ ದೃಷ್ಟಿದೋಷವಿದ್ದ ಲೂಯಿ ವಿಯೆರ್ನ್ ಅದೇ ಶಾಲೆಯಿಂದ ಬಂದು, ಫ್ರಾಂಕ್ ಬಳಿ ಕೊನೆಯ ದಿನಗಳಲ್ಲಿ ಪಾಠ ಹೇಳಿಸಿಕೊಂಡು, 1900ರಿಂದ ನೋತ್ರ್ ದಾಮ್ ಮಹಾ ಇಗರ್ಜಿಯ ಆರ್ಗನ್ ವಾದಕರಾದರು. 1937ರಲ್ಲಿ ಕಚೇರಿ ನಡೆದಿರುವಾಗಲೇ ಆರ್ಗನ್ನಿನ ಮುಂದೆ ಕುಸಿದು ಕೊನೆಯುಸಿರೆಳೆದರು.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಂಡವರಿಗೆ ಇದು ಪರಿಚಿತ ಕಥೆಯಂತೆ ಕೇಳಿಸೀತು. ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದು, ಅಂಧ ಅನಾಥ ಮಕ್ಕಳಿಗೆ ಅನ್ನದ ಜೊತೆ ಸಂಗೀತ ಕೊಟ್ಟರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು. 1914ರಲ್ಲಿ ಹುಟ್ಟಿ ಎಳೆತನದಲ್ಲೇ ಕಣ್ಣು ಕಳೆದುಕೊಂಡವರು. ಹಾರ್ಮೋನಿಯಂ, ತಬಲಾ, ಸಾರಂಗಿ, ವಯಲಿನ್ ಎಲ್ಲವೂ ಅವರ ಕೈಗೆ ಒಲಿದಿದ್ದವು. ಪುರಾಣ ಬರೆದರು, ನಾಟಕ ಬರೆದರು, ಆಶ್ರಮದ ಖರ್ಚಿಗೆಂದು ನಾಟಕ ಸಂಘ ಕಟ್ಟಿ ಊರೂರು ತಿರುಗಿದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷದ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು.

ಆ ಆಶ್ರಮದಲ್ಲಿ ಕಲಿತವರು ಉತ್ತರ ಕರ್ನಾಟಕದ ಊರೂರಲ್ಲಿದ್ದಾರೆ. ಶಾಲೆಯ ಸಂಗೀತ ಶಿಕ್ಷಕರಾಗಿ, ಪುರಾಣ ಪ್ರವಚನಗಳ ಗವಾಯಿಗಳಾಗಿ, ಪೇಟಿ ಮಾಸ್ತರರಾಗಿ ಸ್ವಂತ ದುಡಿಮೆಯಲ್ಲಿ ನಿಂತಿದ್ದಾರೆ. ಒಂದು ವಾದ್ಯ ಇಷ್ಟೊಂದು ಜನ ಅಂಧರಿಗೆ ಅನ್ನ ಮತ್ತು ಮರ್ಯಾದೆ ಎರಡನ್ನೂ ಕೊಟ್ಟ ಇಂಥ ಉದಾಹರಣೆಗಳು ವಿರಳ.

ಕಾಲಿನಿಂದ ಕೈಗೆ

ಹಾರ್ಮೋನಿಯಂ ಭಾರತಕ್ಕೆ ಬಂದದ್ದು ಪಾದ್ರಿಗಳ ಮತ್ತು ಅಧಿಕಾರಿಗಳ ಸಾಮಾನಿನ ಜೊತೆ. ನಮ್ಮವರು ಕುರ್ಚಿಯ ಮೇಲಲ್ಲ, ಜಮಖಾನೆಯ ಮೇಲೆ ಕುಳಿತು ಹಾಡುವವರು. ಕೋಲ್ಕತ್ತಾದಲ್ಲಿ 1875ರಲ್ಲಿ ‘ದ್ವಾರ್ಕಿನ್’ ಅಂಗಡಿ ತೆರೆದ ದ್ವಾರಕಾನಾಥ ಘೋಷ್ ಕಾಲು ತೆಗೆದು, ತಿದಿಯನ್ನು ಹಿಂಬದಿಗೆ ತಂದು, ಕೈಯಿಂದ ಒತ್ತುವ ಪೆಟ್ಟಿಗೆ ಮಾಡಿದರು. ಮುಂದೆ ಗುಜರಾತಿನ ಪಾಲಿತಾಣದಲ್ಲಿ ರೀಡು ತಯಾರಿಕೆ ಬೆಳೆಯಿತು. ಪೇಟಿ ಅಗ್ಗವಾಯಿತು, ಹೆಗಲ ಮೇಲೆ ಹೊರುವಷ್ಟು ಹಗುರವಾಯಿತು.

ಕಾಲಿನ ಪೇಟಿ ಮಾತ್ರ ರಂಗಭೂಮಿಯಲ್ಲಿ ಉಳಿಯಿತು. ಧ್ವನಿವರ್ಧಕ ಇಲ್ಲದ ಕಾಲ. ಕೊನೆಯ ಸಾಲಿನವನಿಗೂ ಶ್ರುತಿ ಮುಟ್ಟಬೇಕು. ಕಾಲಿನಿಂದ ತುಳಿದರೆ ಎರಡೂ ಕೈ ಬಿಡುವು. ಮರಾಠಿ ಸಂಗೀತ ನಾಟಕದವರು ಅದನ್ನು ಆರ್ಗನ್ ಎಂದೇ ಕರೆದರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರ್ 1880ರಲ್ಲಿ ‘ಶಾಕುಂತಲ’ ಆಡಿಸಿದ ಮೇಲೆ ಈ ಸೀಮೆಯಲ್ಲಿ ನಾಟಕದ ಹಾಡಿನ ಹುಚ್ಚು ಹಬ್ಬಿತು. 1884ರಲ್ಲಿ ಹೋಟಗಿ–ಗದಗ ರೈಲು ವಿಜಯಪುರದ ಮೇಲೆ ಹಾಯಿತು, ಮರುವರ್ಷ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು. ಪರದೆ, ಪೆಟ್ಟಿಗೆ, ಪೇಟಿ ಹೊತ್ತ ಕಂಪನಿಗಳಿಗೆ ದಾರಿ ಸಲೀಸಾಯಿತು. ಬೀಳಗಿಯ ಅಮೀರಬಾಯಿ ಕರ್ನಾಟಕಿ ಬೆಳೆದದ್ದು ಇಂಥ ಗಾಳಿಯಲ್ಲಿ. ಮುಂಬಯಿಯಲ್ಲಿ ಗಾಯಕಿಯಾಗಿ ಮೆರೆದು, 1948ರ ‘ಶೆಹನಾಜ್’ ಚಿತ್ರಕ್ಕೆ ತಾವೇ ಸಂಗೀತ ಸಂಯೋಜಿಸಿದರು. ವಿಜಯಪುರದ ಅಮೀರ್ ಟಾಕೀಸ್ ಹೆಸರು ಅವರದೇ. ಇತ್ತ ಹಳ್ಳಿಗಳಲ್ಲಿ ಶ್ರೀಕೃಷ್ಣ ಪಾರಿಜಾತದ ಮೇಳವೂ ಭಜನಾ ಮಂಡಳಿಯೂ ಪೇಟಿಯನ್ನು ಒಳಗೆ ಕರೆದುಕೊಂಡವು.

ರೇಡಿಯೊ ಬಾಗಿಲು ಹಾಕಿದಾಗ

ಪೇಟಿ ಹೀಗೆ ಹಬ್ಬಿದರೂ ಶಾಸ್ತ್ರೀಯ ಸಂಗೀತದ ಪಂಡಿತರು ಅದನ್ನು ಒಪ್ಪಲಿಲ್ಲ. ಅವರ ಆಕ್ಷೇಪಕ್ಕೆ ಆಧಾರ ಇಲ್ಲದಿರಲಿಲ್ಲ. ಪೇಟಿಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ, ಮೀಂಡ್ ಇಲ್ಲ. ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿರುವುದರಿಂದ ಶುದ್ಧ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಕೂದಲೆಳೆಯಷ್ಟು ಏರಿರುತ್ತದೆ. ಸಾಂಗಲಿಯ ಕೆ.ಬಿ. ದೇವಲ್ 1910ರಲ್ಲಿ 22 ಶ್ರುತಿಗಳ ಲೆಕ್ಕ ಪ್ರಕಟಿಸಿದರು. ಅವರೂ ಇಂಗ್ಲಿಷ್ ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್ ಅವರೂ ಸೇರಿ ಶ್ರುತಿ ಹಾರ್ಮೋನಿಯಂ ಮಾಡಿಸಿದರೂ ಅದು ಬಳಕೆಗೆ ಬರಲಿಲ್ಲ.

1938ರಲ್ಲಿ ದೆಹಲಿ ಆಕಾಶವಾಣಿಯ ಪಾಶ್ಚಾತ್ಯ ಸಂಗೀತ ವಿಭಾಗದ ಜಾನ್ ಫೋಲ್ಡ್ಸ್, ಸ್ವತಃ ಸಂಯೋಜಕರು, ಹಾರ್ಮೋನಿಯಂ ವಿರುದ್ಧ ಕಟುವಾಗಿ ಬರೆದರು. ರವೀಂದ್ರನಾಥ ಠಾಕೂರರಿಗೂ ಅದು ಬೇಡವಾಗಿತ್ತು. 1940ರ ಮಾರ್ಚ್ 1ರಿಂದ ಆಕಾಶವಾಣಿ ಪೇಟಿಯನ್ನು ನಿಷೇಧಿಸಿತು. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಲೂ ನಿಷೇಧ ಇತ್ತು. ಹೊರಗಿನ ಕಚೇರಿಯಲ್ಲಿ ಪೇಟಿ ಇಟ್ಟುಕೊಂಡು ಹಾಡುವ ಗಾಯಕರು ರೇಡಿಯೊದಲ್ಲಿ ಅದಿಲ್ಲದೆ ಹಾಡಿದರು. 1971ರಲ್ಲಿ ಸಾಥ್ (ಪಕ್ಕವಾದ್ಯ) ಮಟ್ಟಿಗೆ ಬಾಗಿಲು ತೆರೆಯಿತು. ಮೂರು ದಶಕ ಒಂದು ವರ್ಗದ ಕಲಾವಿದರನ್ನೇ ಹೊರಗಿಟ್ಟದ್ದು ಅನ್ಯಾಯ. ವಾದ್ಯದ ಕೊರತೆಗೆ ವಾದಕರು ದಂಡ ತೆರಬೇಕಾಯಿತು.

ಕಾಗವಾಡದ ರಾಮಭಾವು

ವಿಜಯಪುರದಿಂದ ಪಶ್ಚಿಮಕ್ಕೆ ಹೊರಟರೆ ತಿಕೋಟಾ, ಅಥಣಿ ದಾಟಿ ಕಾಗವಾಡ ಸಿಗುತ್ತದೆ. ಅದರಾಚೆ ತಂತಿವಾದ್ಯ ಮಾಡುವವರ ಊರು ಮಿರಜ್. ಈ ಕಾಗವಾಡದಲ್ಲಿ 1917ರಲ್ಲಿ ಹುಟ್ಟಿದವರು ಪಂಡಿತ ರಾಮಭಾವು ವಿಜಾಪುರೆ. ಪೇಟಿಯನ್ನು ಹಣಮಂತರಾವ್ ವಾಳ್ವೇಕರ್ ಮೊದಲಾದವರಲ್ಲಿ ಕಲಿತರು. ಅಷ್ಟಕ್ಕೇ ನಿಲ್ಲದೆ ರಾಮಕೃಷ್ಣಬುವಾ ವಝೆ, ಶಿವರಾಮಬುವಾ ವಝೆ ಅವರಲ್ಲಿ ಗಾಯನವನ್ನೂ ಕಲಿತರು. ಅವರ ಪೇಟಿ ಹಾಡಿದಂತೆ ಕೇಳುತ್ತಿದ್ದುದಕ್ಕೆ ಗುಟ್ಟು ಇದೇ. ಮೀಂಡ್ ಇಲ್ಲದ ವಾದ್ಯದಲ್ಲಿ ಗಾಯಕನ ಉಸಿರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಏಳುತ್ತದೆ ಎಂದು ಬಲ್ಲವನು ಮಾತ್ರ ತಿದಿಯನ್ನು ಹಾಗೆ ಒತ್ತಬಲ್ಲ.

1938ರಲ್ಲಿ ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ಮಹಾವಿದ್ಯಾಲಯ ತೆರೆದರು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ ಎಲ್ಲರಿಗೂ ಸಾಥ್ ಕೊಟ್ಟರು. ಸಾಥ್‌ನಲ್ಲಿ ಗಾಯಕರ ನೆರಳಾಗಿದ್ದವರೇ ಸೋಲೊ ನುಡಿಸಲು ಕುಳಿತಾಗ ಪೇಟಿ ಒಂದು ಸ್ವತಂತ್ರ ವಾದ್ಯವೆಂದು ಸಾಧಿಸಿ ತೋರಿಸಿದರು. ಪುಟ್ಟರಾಜ ಗವಾಯಿಗಳು ಲಿಂಗೈಕ್ಯರಾದ ಎರಡು ತಿಂಗಳಿಗೆ, 2010ರ ನವೆಂಬರ್ 19ರಂದು, 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರಲ್ಲಿ ಕಲಿತ ರವೀಂದ್ರ ಕಾಟೋಟಿ, ಸುಧಾಂಶು ಕುಲಕರ್ಣಿ ಮೊದಲಾದವರು ಇಂದು ಪೇಟಿಯನ್ನು ವೇದಿಕೆಯ ನಡುವೆ ಇಟ್ಟು ನುಡಿಸುತ್ತಿದ್ದಾರೆ.

ಮತ್ತೆ ವಿಜಯಪುರಕ್ಕೆ ಬಂದರೆ, ಎರಡನೇ ಇಬ್ರಾಹಿಂ ಆದಿಲಶಾಹ ತೊರವಿಯ ಹತ್ತಿರ ನವರಸಪುರ ಕಟ್ಟಿಸಿದ ಸೀಮೆ ಇದು. ತನ್ನ ತಂಬೂರಿಗೆ ‘ಮೋತಿಖಾನ್’ ಎಂದು ಹೆಸರಿಟ್ಟು ಅದನ್ನು ಹಾಡಿನಲ್ಲಿ ಹೊಗಳಿದ ರಾಜ ಆತ. ಅಂಥ ನೆಲದಲ್ಲಿ ನಮ್ಮ ಹಳ್ಳಿಗಳ ಪೇಟಿ ಮಾಸ್ತರರ ಹೆಸರುಗಳು ಎಲ್ಲಿಯೂ ದಾಖಲಾಗದೆ ಅಳಿದುಹೋಗುತ್ತಿವೆ. ನಾಟಕ ಕಂಪನಿಗಳಲ್ಲಿ ಕಾಲಪೇಟಿ ತುಳಿದವರಲ್ಲಿ ಉಳಿದವರು ಇನ್ನು ಕೆಲವರೇ. ಅವರ ಬಾಯಲ್ಲಿ ರಂಗಗೀತೆಗಳ ಮೂಲ ಧಾಟಿಗಳಿವೆ, ಅವರ ಮನೆಯ ಅಟ್ಟದಲ್ಲಿ ತಿದಿ ಹರಿದ ಹಳೆಯ ಪೇಟಿಗಳಿವೆ. ಗುಜರಿಗೆ ಹಾಕುವ ಮೊದಲು ಅವನ್ನು ರಿಪೇರಿ ಬಲ್ಲವರಿಗೆ ಒಮ್ಮೆ ತೋರಿಸಬೇಕು, ರೀಡು ಗಟ್ಟಿಯಿದ್ದರೆ ಆ ಪೇಟಿ ಮತ್ತೆ ನುಡಿಯುತ್ತದೆ. ಕೈಯಲ್ಲಿ ಮೊಬೈಲ್ ಇರುವ ಮೊಮ್ಮಕ್ಕಳು ಅಜ್ಜನನ್ನು ಕೂರಿಸಿಕೊಂಡು ಆ ಧಾಟಿಗಳನ್ನು ಈಗಲೇ ಧ್ವನಿಮುದ್ರಿಸಿಕೊಳ್ಳಲಿ. ಜಾತ್ರೆ, ಪುರಾಣ, ನಾಟಕ ನಡೆಸುವ ಕಮಿಟಿಯವರು ಈ ವರ್ಷದ ಕರಪತ್ರದಲ್ಲಿ ಗಾಯಕರ ಹೆಸರಿನ ಪಕ್ಕ ಪೇಟಿ ಮಾಸ್ತರರ ಹೆಸರನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿಸಲಿ.